ಗುತ್ತಿಗೆಯ ಪೊಲೀಸ್ ಸೇವೆ ಮತ್ತು ನಮ್ಮ ದನಿ: ಕೂಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯ (ನಮ್ಮ ಕಡೆಯ ಜಿಲ್ಲೆಯಂತಹ ಆಡಳಿತ ಘಟಕ) ಪಶ್ಚಿಮ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಪತ್ರ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿ ಮೂರೂ ನಗರಸಭೆಗಳ ಸದಸ್ಯರಿಗೆ ಹೋಗಲಿದೆ. ನಾವು ವಾಸವಿರುವ ಈ ಊರುಗಳಿಗೆ ಸ್ವಂತ ಪೊಲೀಸ್ ಇಲಾಖೆ ಇಲ್ಲ. ನಗರಸಭೆಗಳು ಕೌಂಟಿಯ ಚುನಾಯಿತ ಪೊಲೀಸ್ ಮುಖ್ಯಸ್ಥರಾದ ಶೆರಿಫರ ಕಚೇರಿಯೊಂದಿಗೆ ಕರಾರು ಮಾಡಿಕೊಂಡು, ನಮ್ಮ ತೆರಿಗೆಯ ಹಣ ತೆತ್ತು, ಆ ಸೇವೆಯನ್ನು ಪಡೆಯುತ್ತಿವೆ. ಆ ಕರಾರಿನಲ್ಲಿ ಏನಿರಬೇಕು, ಏನಿರಬಾರದು ಎಂಬ ಚರ್ಚೆಯಲ್ಲಿ ನಮ್ಮವರ ದನಿ ಕೇಳಿಬರುವುದೇ ಅಪರೂಪ. ಅದು ಕೇಳಿಬರಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ.

ಕರ್ನಾಟಕದಲ್ಲಿ ಬೆಳೆದು ಇಲ್ಲಿಗೆ ಬಂದವರಿಗೆ ಈ ಏರ್ಪಾಡು ಸುಲಭವಾಗಿ ಹೊಳೆಯುವುದಿಲ್ಲ. ಭಾರತದ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಪಟ್ಟಿಗೆ ಸೇರಿದ ವಿಷಯ; ಬೀದರಿನಿಂದ ಚಾಮರಾಜನಗರದವರೆಗೆ ಇರುವುದು ಒಂದೇ ರಾಜ್ಯ ಪೊಲೀಸ್ ಪಡೆ. ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿಯಾಗಲಿ, ಸಾಗರದ ನಗರಸಭೆಯಾಗಲಿ ತನ್ನ ಠಾಣೆಗೆ ಎಷ್ಟು ಜನ ಪೇದೆಗಳು ಬೇಕೆಂದು ತೀರ್ಮಾನಿಸುವುದಿಲ್ಲ, ಅವರ ಸಂಬಳಕ್ಕೆ ಬಜೆಟ್ಟಿನಲ್ಲಿ ಹಣ ತೆಗೆದಿಡುವುದೂ ಇಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಪೊಲೀಸ್ ವ್ಯವಸ್ಥೆ ಮೊದಲಿಗೆ ಊರಿನ ಜವಾಬ್ದಾರಿ, ಅದನ್ನು ಹೇಗೆ ನಿಭಾಯಿಸಬೇಕೆಂಬುದು ಊರಿನ ಆಯ್ಕೆ. ನಮ್ಮ ಪಕ್ಕದ ಸನ್ನಿವೇಲ್ ನಗರ 1950ರಿಂದಲೂ ಪೊಲೀಸ್ ಮತ್ತು ಅಗ್ನಿಶಾಮಕ ಎರಡನ್ನೂ ಒಂದೇ ಇಲಾಖೆಯಾಗಿ ತಾನೇ ನಡೆಸುತ್ತಿದೆ. ಸಾನ್ ಹೊಸೆಗೆ ತನ್ನದೇ ದೊಡ್ಡ ಪೊಲೀಸ್ ಇಲಾಖೆಯಿದೆ. 1955ರಲ್ಲಿ ನಗರವಾದ ಕೂಪರ್ಟಿನೊ, 1956ರಲ್ಲಿ ನಗರಗಳಾದ ಸಾರಟೋಗ ಮತ್ತು ಲಾಸ್ ಆಲ್ಟೋಸ್ ಹಿಲ್ಸ್ ಮಾತ್ರ ಕೌಂಟಿಯ ಶೆರಿಫರನ್ನು ಅವಲಂಬಿಸಿವೆ.

ಡಿ ಆಂಜಾ ಬುಲೆವಾರ್ಡಿನಲ್ಲಿ ದಕ್ಷಿಣಕ್ಕೆ ಹೊರಟು ಪ್ರಾಸ್ಪೆಕ್ಟ್ ರಸ್ತೆಯವರೆಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಆ ಆಸುಪಾಸಿನಲ್ಲಿ ಕೂಪರ್ಟಿನೊ, ಸಾನ್ ಹೊಸೆ, ಸಾರಟೋಗ ಮೂರೂ ಒಂದಕ್ಕೊಂದು ತಾಗಿಕೊಂಡಿವೆ. ಕೂಪರ್ಟಿನೊದಿಂದ ಸಾರಟೋಗಕ್ಕೆ ಕಾಲಿಟ್ಟರೆ ಊರು ಬದಲಾಗುತ್ತದೆ, ಪೊಲೀಸರು ಬದಲಾಗುವುದಿಲ್ಲ. ಎರಡೂ ಕಡೆ ಶೆರಿಫ್ ಕಚೇರಿಯ ಡೆಪ್ಯುಟಿಗಳೇ, ಅಂದರೆ ಶೆರಿಫರ ಕೈಕೆಳಗಿನ ಪೊಲೀಸರೇ. ಅದೇ ರಸ್ತೆಯ ಇನ್ನೊಂದು ಮಗ್ಗುಲಿನ ಸಾನ್ ಹೊಸೆಗೆ ಹೋದರೆ ಪೊಲೀಸರು, ಅವರ ಮುಖ್ಯಸ್ಥರು, ದೂರು ಕೊಡಬೇಕಾದ ಕಚೇರಿ ಎಲ್ಲವೂ ಬೇರೆ. ಲಿನ್‌ಬ್ರೂಕ್ ಹೈಸ್ಕೂಲಿಗೆ ಮಕ್ಕಳನ್ನು ಕಳಿಸುವ ಎಷ್ಟೋ ಕುಟುಂಬಗಳು ತಾವು ಕೂಪರ್ಟಿನೊದವರೆಂದೇ ಹೇಳಿಕೊಳ್ಳುತ್ತವೆ, ಆದರೆ ಆ ಶಾಲೆ ಇರುವುದು ಸಾನ್ ಹೊಸೆಯ ಗಡಿಯೊಳಗೆ. ಕಳ್ಳತನವಾಗಿ ಮರುದಿನ ವರದಿಯ ಪ್ರತಿ ಬೇಕಾದಾಗ ಯಾರ ಬಾಗಿಲು ತಟ್ಟಬೇಕೆಂಬುದು ಈ ಗೆರೆಯ ಮೇಲೆ ನಿಂತಿದೆ. ಮೂರು ಕರಾರು ನಗರಗಳಿಗೆ ಶೆರಿಫ್ ಕಚೇರಿಯ ಸಬ್‌ಸ್ಟೇಷನ್ (ಉಪಠಾಣೆ) ಇರುವುದು ಕೂಪರ್ಟಿನೊದ ದಕ್ಷಿಣ ಡಿ ಆಂಜಾ ಬುಲೆವಾರ್ಡಿನಲ್ಲಿ. ದಿನಸಿಗೆ ಹೋಗುವಾಗ ನಾವೆಲ್ಲ ಅದರ ಮುಂದೆಯೇ ಹಾದುಹೋಗುತ್ತೇವೆ. ಅದು ಕೌಂಟಿಯ ಕಚೇರಿ, ಒಳಗೆ ನಡೆಯುವ ಕೆಲಸದ ಬಹುಭಾಗಕ್ಕೆ ಹಣ ಕೊಡುವವರು ನಾವು.

ಈ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. ಲಾಸ್ ಏಂಜಲೀಸ್ ಕೌಂಟಿಯ ಲೇಕ್‌ವುಡ್ ಎಂಬ ಹೊಸ ಬಡಾವಣೆಯನ್ನು ನೆರೆಯ ಲಾಂಗ್ ಬೀಚ್ ನಗರ ತನ್ನೊಳಗೆ ಸೇರಿಸಿಕೊಳ್ಳಲು ಹೊರಟಾಗ, ಅಲ್ಲಿನ ಜನ 1954ರಲ್ಲಿ ತಮ್ಮದೇ ನಗರ ಕಟ್ಟಿಕೊಂಡರು. ಹೊಸ ನಗರಕ್ಕೆ ಠಾಣೆ, ಜೈಲು, ವಾಹನ, ತರಬೇತಿ ಎಲ್ಲವನ್ನೂ ಒಮ್ಮೆಲೇ ಹೊಂದಿಸುವ ಶಕ್ತಿ ಇರಲಿಲ್ಲ. ಆದ್ದರಿಂದ ಪೊಲೀಸ್ ಸೇರಿದಂತೆ ಹಲವು ಸೇವೆಗಳನ್ನು ಕೌಂಟಿಯಿಂದಲೇ ಕರಾರಿನ ಮೇಲೆ ಪಡೆಯಿತು. ಲೇಕ್‌ವುಡ್ ಯೋಜನೆ ಎಂದು ಹೆಸರಾದ ಆ ಮಾದರಿ ಎಷ್ಟು ಬೇಗ ಹರಡಿತೆಂದರೆ, ಇಂದು ಆ ಒಂದು ಕೌಂಟಿಯ 88 ನಗರಗಳಲ್ಲಿ 42 ನಗರಗಳು ಶೆರಿಫರೊಂದಿಗೆ ಕರಾರು ಹೊಂದಿವೆ. ಕೌಂಟಿಯೇ ಆಗಬೇಕೆಂದೂ ಇಲ್ಲ. ನಮ್ಮ ಮಗ್ಗುಲಲ್ಲೇ ಮೂರೂವರೆ ಸಾವಿರದಷ್ಟು ಜನಸಂಖ್ಯೆಯ ಮಾಂಟೆ ಸೆರೆನೊ ನಗರಕ್ಕೆ ನೆರೆಯ ಲಾಸ್ ಗ್ಯಾಟೋಸ್ ಪಟ್ಟಣದ ಪೊಲೀಸರೇ ಕರಾರಿನ ಮೇಲೆ ಸೇವೆ ಕೊಡುತ್ತಾರೆ, ಆ ಇಲಾಖೆಯ ಹೆಸರಿನಲ್ಲೇ ಎರಡೂ ಊರುಗಳ ಹೆಸರಿವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಮರಿನ್ ಕೌಂಟಿಯ ಲಾರ್ಕ್‌ಸ್ಪರ್, ಕೋರ್ಟೆ ಮಡೇರಾ ಮತ್ತು ಸಾನ್ ಆನ್ಸೆಲ್ಮೊ ಊರಿನವರು. ಅವರು ಯಾರಿಂದಲೂ ಸೇವೆ ಕೊಳ್ಳದೆ, ಮೂರೂ ಊರುಗಳ ಪ್ರತಿನಿಧಿಗಳು ಸೇರಿ ನಡೆಸುವ ಒಂದೇ ಜಂಟಿ ಪೊಲೀಸ್ ಪ್ರಾಧಿಕಾರವನ್ನು ಕಟ್ಟಿಕೊಂಡಿದ್ದಾರೆ.

ಕರಾರು ಪದ್ಧತಿಯನ್ನು ನಾನು ವಿರೋಧಿಸುತ್ತಿಲ್ಲ; ಇದನ್ನು ಸ್ಪಷ್ಟವಾಗಿ ಹೇಳಬೇಕು. ಅರವತ್ತು ಸಾವಿರ ಜನರ ಕೂಪರ್ಟಿನೊ, ಮೂವತ್ತೊಂದು ಸಾವಿರದ ಸಾರಟೋಗ, ಎಂಟೂವರೆ ಸಾವಿರದ ಲಾಸ್ ಆಲ್ಟೋಸ್ ಹಿಲ್ಸ್ ತಲಾ ಒಂದೊಂದು ಇಲಾಖೆ ಕಟ್ಟಿಕೊಂಡು, ಪ್ರತಿಯೊಂದಕ್ಕೂ ಮುಖ್ಯಸ್ಥರು, ಸಾಕ್ಷ್ಯ ಸಂಗ್ರಹದ ಕೊಠಡಿ, ಹಗಲಿರುಳು ಕರೆ ಸ್ವೀಕರಿಸುವ ಸಿಬ್ಬಂದಿ, ಅಪರೂಪಕ್ಕೆ ಬೇಕಾಗುವ ವಿಶೇಷ ತಂಡಗಳು ಎಂದು ಖರ್ಚು ಮಾಡುವುದರಲ್ಲಿ ವಿವೇಕವಿಲ್ಲ. ಕೊಲೆಯಂತಹ ಪ್ರಕರಣ ನಮ್ಮ ಊರುಗಳಲ್ಲಿ ಅಪರೂಪ, ಆದರೆ ನಡೆದಾಗ ಅನುಭವಿ ತನಿಖಾಧಿಕಾರಿಗಳು ಬೇಕು. ಕೌಂಟಿ ಮಟ್ಟದ ಸಂಸ್ಥೆಗೆ ಅದು ಸಾಧ್ಯ, ಪುಟ್ಟ ಇಲಾಖೆಗೆ ಕಷ್ಟ. ಇದರ ಜೊತೆಗೆ ಕಾನೂನಿನ ರಕ್ಷಣೆಯೂ ಇದೆ: ಕೌಂಟಿಯು ಕರಾರು ಸೇವೆಗೆ ತಗಲುವ ವೆಚ್ಚವನ್ನು ನಗರದಿಂದ ವಸೂಲು ಮಾಡಲೇಬೇಕು, ಆದರೆ ಇಡೀ ಕೌಂಟಿಗೆ ಸಮಾನವಾಗಿ ಒದಗಿಸುವ ಸೇವೆಗಳ ವೆಚ್ಚವನ್ನು ಕರಾರು ನಗರಗಳ ತಲೆಗೆ ಕಟ್ಟುವಂತಿಲ್ಲ ಎಂದು ರಾಜ್ಯದ ಸರ್ಕಾರಿ ಸಂಹಿತೆಯ 51350ನೆಯ ವಿಧಿ ಹೇಳುತ್ತದೆ.

ಹಾಗಾದರೆ ತೊಡಕು ಎಲ್ಲಿದೆ? ಸೇವೆಯನ್ನು ಕೊಂಡುಕೊಂಡ ಕೂಡಲೇ ಜವಾಬ್ದಾರಿಯೂ ಕೈದಾಟಿತು ಎಂದು ನಗರಸಭೆಗಳೂ ನಾವೂ ನಂಬಿಕೊಂಡಿರುವುದರಲ್ಲಿದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಏಜೆನ್ಸಿ ಸರಿಯಿಲ್ಲವೆಂದರೆ ಸಂಘದ ಸಭೆ ಕರೆದು ಮುಂದಿನ ತಿಂಗಳಿಂದ ಬೇರೆಯವರನ್ನು ಇಟ್ಟುಕೊಳ್ಳಬಹುದು. ಶೆರಿಫರ ವಿಷಯದಲ್ಲಿ ಅದು ಆಗದು. ಕ್ಯಾಲಿಫೋರ್ನಿಯಾದ ಸಂವಿಧಾನದ ಪ್ರಕಾರ ಶೆರಿಫ್ ಇಡೀ ಕೌಂಟಿಯ ಮತದಾರರಿಂದ ನೇರವಾಗಿ ಆಯ್ಕೆಯಾಗುವ ಅಧಿಕಾರಿ. ಸಾನ್ ಹೊಸೆಯಲ್ಲಿ ಪೊಲೀಸ್ ಮುಖ್ಯಸ್ಥರು ನಗರಾಡಳಿತಕ್ಕೆ ಉತ್ತರ ಕೊಡಬೇಕು. ನಮ್ಮ ನಗರಸಭೆಯಾದರೋ ಶೆರಿಫರನ್ನು ನೇಮಿಸುವುದಿಲ್ಲ, ಬದಲಿಸುವುದಿಲ್ಲ, ಅವರ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸುವುದೂ ಇಲ್ಲ. ಅದರ ಕೈಯಲ್ಲಿ ಇರುವುದು ಕರಾರಿನ ಕಾಗದ ಒಂದೇ.

ಇದು ಬರೀ ತತ್ವದ ಮಾತಲ್ಲ. ನಮ್ಮ ಕೌಂಟಿಯ ಶೆರಿಫರಾಗಿ 1998ರಲ್ಲಿ ಆಯ್ಕೆಯಾದ ಲಾರಿ ಸ್ಮಿತ್ ಎರಡು ದಶಕಕ್ಕೂ ಹೆಚ್ಚು ಕಾಲ ಆ ಹುದ್ದೆಯಲ್ಲಿದ್ದರು. ಬಂದೂಕು ಪರವಾನಗಿ ನೀಡುವುದರಲ್ಲಿ ಪಕ್ಷಪಾತದ ಆರೋಪ, ಜೈಲುಗಳ ಆಡಳಿತದ ಬಗ್ಗೆ ಟೀಕೆ ಇವೆಲ್ಲ ಬೆಳೆದು, 2021ರಲ್ಲಿ ಕೌಂಟಿಯ ಆಡಳಿತ ನಡೆಸುವ ಚುನಾಯಿತ ಮೇಲ್ವಿಚಾರಕರ ಮಂಡಳಿ ಅವರ ಮೇಲೆ ಅವಿಶ್ವಾಸ ಸೂಚಿಸಿತು. ಅದೇ ವರ್ಷದ ಕೊನೆಗೆ, ಸ್ಥಳೀಯ ಆಡಳಿತವನ್ನು ಪರಿಶೀಲಿಸುವ ನಾಗರಿಕರ ಮಂಡಳಿಯಾದ ಸಿವಿಲ್ ಗ್ರ್ಯಾಂಡ್ ಜೂರಿ ದುರ್ನಡತೆಯ ಆರೋಪ ಹೊರಿಸಿತು. 2022ರ ಅಕ್ಟೋಬರ್ ಅಂತ್ಯದಲ್ಲಿ, ವಿಚಾರಣೆ ಮುಗಿಯುತ್ತಿದ್ದ ಹೊತ್ತಿಗೆ ಅವರು ರಾಜೀನಾಮೆ ಕೊಟ್ಟರು; ಕೆಲವೇ ದಿನಗಳಲ್ಲಿ ಜೂರಿ ಅವರನ್ನು ತಪ್ಪಿತಸ್ಥರೆಂದು ತೀರ್ಪಿತ್ತಿತು. ಈ ಎಲ್ಲ ಕಾಲದಲ್ಲೂ ನಮ್ಮ ಬೀದಿಗಳಲ್ಲಿ ಗಸ್ತು ನಡೆದೇ ಇತ್ತು, ಡೆಪ್ಯುಟಿಗಳು ಕೆಲಸ ಮಾಡುತ್ತಲೇ ಇದ್ದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಹೊತ್ತಿನಲ್ಲಿ ಮೂರು ಕರಾರು ನಗರಗಳ ಬಳಿ ಸಂಸ್ಥೆಯ ಮುಖ್ಯಸ್ಥರ ವಿಷಯದಲ್ಲಿ ಮಾಡಬಹುದಾದ ಕೆಲಸವೇನೂ ಇರಲಿಲ್ಲ.

ಉತ್ತರದ ಸಾನ್ ಮಟೇಯೊ ಕೌಂಟಿಯಲ್ಲಿ ಆದದ್ದು ಇನ್ನೂ ಹತ್ತಿರದ ಪಾಠ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 2010ರಲ್ಲಿ, ಸಾನ್ ಕಾರ್ಲೋಸ್ ನಗರ ತನ್ನ ಹಳೆಯ ಪೊಲೀಸ್ ಇಲಾಖೆಯನ್ನು ಮುಚ್ಚಿ ಶೆರಿಫರಿಗೆ ಗುತ್ತಿಗೆ ಕೊಟ್ಟಿತು. ಮುಂದಿನ ಎರಡು ವರ್ಷಗಳಲ್ಲಿ ಹಾಫ್ ಮೂನ್ ಬೇ ಮತ್ತು ಮಿಲ್‌ಬ್ರೇ ಅದೇ ದಾರಿ ಹಿಡಿದವು. ಮುಂದೆ ಅಲ್ಲಿನ ಶೆರಿಫ್ ಕ್ರಿಸ್ಟಿನಾ ಕಾರ್ಪಸ್ ಅವರ ಆಡಳಿತ ವಿವಾದಕ್ಕೆ ಸಿಲುಕಿದಾಗ, ಅವರನ್ನು ತೆಗೆಯುವ ಅಧಿಕಾರ ಅಲ್ಲಿನ ಮೇಲ್ವಿಚಾರಕರ ಮಂಡಳಿಗೆ ಇರಲಿಲ್ಲವಾದ್ದರಿಂದ 2025ರ ಮಾರ್ಚ್‌ನಲ್ಲಿ ವಿಶೇಷ ಚುನಾವಣೆ ನಡೆಸಿ, ಮತದಾರರಿಂದ ಆ ಅಧಿಕಾರವನ್ನು ಮಂಡಳಿಗೆ ಕೊಡಿಸಬೇಕಾಯಿತು. ಅಕ್ಟೋಬರ್‌ನಲ್ಲಿ ಮಂಡಳಿ ಅವರನ್ನು ಹುದ್ದೆಯಿಂದ ತೆಗೆಯಿತು. ಕರಾರು ನಗರಗಳು ತಮ್ಮ ಅಸಮಾಧಾನವನ್ನು ಹೇಳಬಹುದಿತ್ತು, ಅಷ್ಟೇ. ಇಲಾಖೆ ಮುಚ್ಚಿ ಹದಿನೈದು ವರ್ಷವಾದ ಊರು ಏಕಾಏಕಿ ಮತ್ತೆ ಇಲಾಖೆ ಕಟ್ಟಲಾರದು.

ಈಗ ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಮಾತಿಗೆ ಬರುತ್ತೇನೆ, ಈ ಪತ್ರ ಬರೆಯಲು ನನ್ನನ್ನು ಪ್ರೇರೇಪಿಸಿದ್ದೇ ಅದು. ಶೆರಿಫರನ್ನು ಹೊಣೆಗಾರರನ್ನಾಗಿ ಮಾಡುವ ಮುಖ್ಯ ದಾರಿ ಮತಪೆಟ್ಟಿಗೆ. ನಮ್ಮಲ್ಲಿ ಬಹಳಷ್ಟು ಮಂದಿ ಎಚ್-1ಬಿ ವೀಸಾದ ಮೇಲೆ, ಅಥವಾ ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತ, ಇಲ್ಲಿಯೇ ಮನೆ ಕೊಂಡು, ಆಸ್ತಿ ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗಳಲ್ಲಿ ಓದಿಸುತ್ತಿರುವವರು. ನಮಗೆ ಶೆರಿಫರ ಚುನಾವಣೆಯಲ್ಲಿ ಮತವಿಲ್ಲ, ನಗರಸಭೆಯ ಚುನಾವಣೆಯಲ್ಲೂ ಇಲ್ಲ. ಆದರೆ ಕರಾರು ಚರ್ಚೆಗೆ ಬರುವುದು ನಗರಸಭೆಯ ಬಹಿರಂಗ ಸಭೆಯಲ್ಲಿ, ಮತ್ತು ಆ ಸಭೆಯಲ್ಲಿ ಮಾತನಾಡಲು ಮತದ ಹಕ್ಕು ಬೇಕಿಲ್ಲ. ಸ್ಥಳೀಯ ಸಂಸ್ಥೆಗಳ ಸಭೆಗಳು ಬಹಿರಂಗವಾಗಿರಬೇಕೆನ್ನುವ ರಾಜ್ಯದ 1953ರ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು, ಸಾರ್ವಜನಿಕರಲ್ಲಿ ಯಾರೇ ಬಂದರೂ ಮಾತನಾಡಲು ಅವಕಾಶ ಕೊಡಬೇಕು. ಪೌರತ್ವ ಕೇಳುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ. ಮತವಿಲ್ಲದ ತೆರಿಗೆದಾರನಿಗೆ ಪೊಲೀಸ್ ವ್ಯವಸ್ಥೆಯ ಮೇಲೆ ಯಾವುದಾದರೂ ಹಿಡಿತವಿದ್ದರೆ ಅದು ಈ ಕರಾರಿನ ಮೂಲಕವೇ. ಆ ಅರ್ಥದಲ್ಲಿ, ಸ್ವಂತ ಇಲಾಖೆಯಿರುವ ಊರಿಗಿಂತ ಕರಾರು ಮಾಡಿಕೊಂಡ ಊರಿನಲ್ಲಿ ನಮ್ಮ ಬೇಡಿಕೆಗಳನ್ನು ಬರಹದಲ್ಲಿ ಸೇರಿಸಲು ಒಳ್ಳೆಯ ಅವಕಾಶವಿದೆ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ.

ಏನನ್ನು ಸೇರಿಸಬೇಕು? ಮೊದಲನೆಯದಾಗಿ ಭಾಷೆ. ಊರಿನಿಂದ ಆರು ತಿಂಗಳಿಗೆಂದು ಬಂದ ತಾಯಿ ಹಗಲು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಭಾರತಕ್ಕೆ ಕರೆ ಮಾಡಲು 91 ಒತ್ತುವ ಭರದಲ್ಲಿ ಇಲ್ಲಿನ ತುರ್ತು ಸಂಖ್ಯೆಯಾದ 911ಕ್ಕೆ ಕರೆ ಹೋಗುತ್ತದೆ, ಗಾಬರಿಯಿಂದ ಫೋನ್ ಇಡುತ್ತಾರೆ, ಸ್ವಲ್ಪ ಹೊತ್ತಿಗೆ ಸಮವಸ್ತ್ರದವರು ಬಾಗಿಲಲ್ಲಿ ನಿಲ್ಲುತ್ತಾರೆ. ನಮ್ಮ ಬೀದಿಯಲ್ಲೇ ಇಂಥ ಒಂದು ದಿನ ಬಂದ ಡೆಪ್ಯುಟಿ ಬಹಳ ಸೌಜನ್ಯದಿಂದ ನಡೆದುಕೊಂಡರು. ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಕೈಸನ್ನೆಯಲ್ಲೇ ಮಾತಾಡಿ, ಅಮ್ಮನ ಫೋನಿನಿಂದಲೇ ಮಗನಿಗೆ ಕರೆ ಮಾಡಿಸಿ, ಎಲ್ಲ ಸರಿಯಿದೆ ಎಂದು ಖಚಿತಪಡಿಸಿಕೊಂಡು ಹೋದರು. ಆ ಸೌಜನ್ಯಕ್ಕೆ ನಾನು ಕೃತಜ್ಞನಾಗಿದ್ದೇನೆ. ಆದರೆ ಇದೇ ಬಾಗಿಲಿನ ಹಿಂದೆ ಗಂಡನಿಂದ ಹೊಡೆತ ತಿಂದ ಹೆಣ್ಣುಮಗಳೊಬ್ಬಳು ಇದ್ದಾಳೆಂದು ಊಹಿಸಿ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಬಂದ ಅಧಿಕಾರಿಗೆ ಅವಳ ಮಾತನ್ನು ಅನುವಾದಿಸಿ ಹೇಳುವವನು ಅದೇ ಗಂಡನಾದರೆ ಅವಳ ದೂರು ಬಾಗಿಲಲ್ಲೇ ಸತ್ತಂತೆ. ಕೊಲ್ಲಿ ಪ್ರದೇಶದಲ್ಲಿ 1991ರಿಂದ ದಕ್ಷಿಣ ಏಷ್ಯಾದ ಕುಟುಂಬಗಳ ನಡುವೆ ಕೆಲಸ ಮಾಡುತ್ತಿರುವ ಮೈತ್ರಿ ಸಂಸ್ಥೆ ಇರುವುದೇ ಇಂಥ ನೋವುಗಳು ನಮ್ಮ ಮನೆಗಳಲ್ಲೂ ಇವೆ ಎಂಬ ಕಾರಣಕ್ಕೆ. ಕೌಟುಂಬಿಕ ಹಿಂಸೆಯ ಕರೆಗಳಲ್ಲಿ ಮನೆಯವರನ್ನು ದುಭಾಷಿಗಳನ್ನಾಗಿ ಬಳಸಕೂಡದು, ಕನ್ನಡವೂ ಸೇರಿದಂತೆ ಇಲ್ಲಿನ ಮನೆಮಾತುಗಳಲ್ಲಿ ಫೋನ್ ಮೂಲಕ ದುಭಾಷಿಯನ್ನು ಒದಗಿಸಬೇಕು, ಎಷ್ಟು ಬಾರಿ ಒದಗಿಸಲಾಯಿತೆಂದು ವರದಿ ಮಾಡಬೇಕು ಎಂದು ಕರಾರಿನಲ್ಲೇ ಬರೆಸಬೇಕು. ಒಳ್ಳೆಯ ಡೆಪ್ಯುಟಿಯ ಸ್ವಭಾವಕ್ಕೆ ಬಿಟ್ಟು ಕೂರುವ ವಿಷಯ ಇದಲ್ಲ. ಜೊತೆಗೆ, ವೀಸಾದ ಭಯದಿಂದ 911ಕ್ಕೆ ಕರೆ ಮಾಡಲು ಹಿಂಜರಿಯುವವರಿಗೆ ಒಂದು ಮಾತು: ಸ್ಥಳೀಯ ಪೊಲೀಸರಾಗಲಿ ಶೆರಿಫರಾಗಲಿ ಯಾರ ವಲಸೆ ಸ್ಥಿತಿಯನ್ನೂ ವಿಚಾರಿಸುವಂತಿಲ್ಲ ಎಂದು 2018ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಕಾಯ್ದೆ ಹೇಳುತ್ತದೆ.

ಎರಡನೆಯದು ಲೆಕ್ಕ. ಕೂಪರ್ಟಿನೊ ಕೊಳ್ಳುತ್ತಿರುವುದು ಡೆಪ್ಯುಟಿಗಳ ತಲೆಎಣಿಕೆಯನ್ನಲ್ಲ, ಸಾಮಾನ್ಯ ಗಸ್ತು, ಸಂಚಾರ ನಿಯಂತ್ರಣ, ತನಿಖೆ ಎಂದು ವಿಂಗಡಿಸಿದ ಗಂಟೆಗಳನ್ನು. ಗಂಟೆಯ ಲೆಕ್ಕದಲ್ಲಿ ಕೊಂಡದ್ದನ್ನು ಗಂಟೆಯ ಲೆಕ್ಕದಲ್ಲೇ ಪರಿಶೀಲಿಸಬೇಕು. ಲಾಸ್ ಏಂಜಲೀಸ್ ಕೌಂಟಿಯ ಕಾಂಪ್ಟನ್ ನಗರ 2000ದಲ್ಲಿ ತನ್ನ ಇಲಾಖೆಯನ್ನು ಮುಚ್ಚಿ ಶೆರಿಫರ ಸೇವೆಗೆ ಹೋಯಿತು. ಎರಡು ದಶಕದ ಬಳಿಕ, ಮಾಡದ ಗಸ್ತಿಗೂ ನಿಮಿಷಗಳನ್ನು ಲೆಕ್ಕ ಹಾಕಿ ಹಣ ವಸೂಲು ಮಾಡಲಾಗಿದೆ ಎಂಬ ಆರೋಪ ಹೊತ್ತು ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮಲ್ಲಿ ಹಾಗೆ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ನಡೆಯದಂತೆ ನೋಡಿಕೊಳ್ಳುವ ಬಗೆ ಕರಾರಿನಲ್ಲಿರಲಿ ಎನ್ನುತ್ತಿದ್ದೇನೆ. ನಗರಸಭೆ ಸ್ವತಂತ್ರ ಲೆಕ್ಕಪರಿಶೋಧಕರನ್ನು ನೇಮಿಸಲು, ವಾಹನಗಳ ದಾಖಲೆ ಮತ್ತು ಕರೆಗಳ ದಾಖಲೆಯನ್ನು ಹೋಲಿಸಿ ನೋಡಲು ಕರಾರು ಅನುವು ಮಾಡಿಕೊಡಬೇಕು. 2023ರಲ್ಲಿ ರಾಜ್ಯದ ತೆರಿಗೆ ಇಲಾಖೆಯ ಪರಿಶೋಧನೆಯಿಂದ ಕೂಪರ್ಟಿನೊದ ಮಾರಾಟ ತೆರಿಗೆಯ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು. ಸಾಮಾನ್ಯ ನಿಧಿಯ ಅತಿ ದೊಡ್ಡ ಖರ್ಚುಗಳಲ್ಲಿ ಪೊಲೀಸ್ ಕರಾರೂ ಒಂದಾಗಿರುವಾಗ, ಕೊಟ್ಟ ಹಣಕ್ಕೆ ಸಿಕ್ಕಿದ್ದೇನು ಎಂದು ಕೇಳುವುದು ಅಪನಂಬಿಕೆಯಲ್ಲ, ಕರ್ತವ್ಯ.

ದೂರುಗಳ ವಿಷಯದಲ್ಲೂ ಇಷ್ಟೇ ಸ್ಪಷ್ಟತೆ ಬೇಕು. ನಮ್ಮ ಊರಿನಲ್ಲಿ ಕೆಲಸ ಮಾಡುವ ಡೆಪ್ಯುಟಿಗಳ ಮೇಲೆ ಬಂದ ದೂರುಗಳೆಷ್ಟು, ಅವುಗಳ ಗತಿ ಏನಾಯಿತು ಎಂಬುದನ್ನು ಹೆಸರುಗಳಿಲ್ಲದೆ, ಊರುವಾರು ವಿಂಗಡಿಸಿ ಪ್ರಕಟಿಸಬೇಕು. ಶೆರಿಫರ ಮೇಲೆ ನಿಗಾ ಇಡುವ, ದಾಖಲೆ ತರಿಸಿಕೊಳ್ಳುವ ಅಧಿಕಾರವುಳ್ಳ ಸಂಸ್ಥೆಯನ್ನು ಕೌಂಟಿಗಳು ರಚಿಸಬಹುದೆಂದು 2020ರಲ್ಲಿ ರಾಜ್ಯ ಕಾಯ್ದೆ ಮಾಡಿದೆ. ನಮ್ಮ ಕೌಂಟಿಯಲ್ಲಿ ಸ್ವತಂತ್ರ ಮೇಲ್ವಿಚಾರಣಾ ಕಚೇರಿಯೂ ಇದೆ. ಆ ಕಚೇರಿಯ ವರದಿಗಳು ಕರಾರು ನಗರಗಳ ಸಭೆಗಳಿಗೂ ಬರುವಂತೆ ಏರ್ಪಾಡಾಗಲಿ.

ನಗರಸಭೆಯ ಸದಸ್ಯರಲ್ಲಿ ನನ್ನ ನೇರ ವಿನಂತಿ ಇದು. ಸಬ್‌ಸ್ಟೇಷನ್ನಿನ ಮುಖ್ಯಸ್ಥರಾದ ಕ್ಯಾಪ್ಟನ್ನರು ನಮ್ಮ ಪಾಲಿಗೆ ಊರಿನ ಪೊಲೀಸ್ ಮುಖ್ಯಸ್ಥರಿದ್ದಂತೆ. ಅವರ ನೇಮಕಕ್ಕೆ ಮುನ್ನ ಮೂರೂ ನಗರಗಳ ಅಭಿಪ್ರಾಯ ಕೇಳುವುದನ್ನೂ, ಊರಿನ ಪರಿಚಯವಾಗುವಷ್ಟು ಕಾಲ ಅವರನ್ನು ಇಲ್ಲಿಯೇ ಇರಿಸುವುದನ್ನೂ ಕರಾರಿನ ಷರತ್ತಾಗಿಸಿ. ಮೂರು ನಗರಗಳು ಬೇರೆಬೇರೆಯಾಗಿ ಕೌಂಟಿಯ ಮುಂದೆ ಕೂರುವ ಬದಲು ಒಟ್ಟಾಗಿ ಕುಳಿತು ಚೌಕಾಸಿ ಮಾಡಿ. ಒಂದು ಲಕ್ಷ ಜನರ ಪರವಾಗಿ ಆಡಿದ ಮಾತಿಗೆ ತೂಕವಿರುತ್ತದೆ. ಮರಿನ್ ಕೌಂಟಿಯ ಮೂರು ಊರುಗಳ ಮಾದರಿಯಲ್ಲಿ ಜಂಟಿ ಪ್ರಾಧಿಕಾರ ಕಟ್ಟಿದರೆ ವೆಚ್ಚವೆಷ್ಟು, ಅನುಕೂಲವೇನು ಎಂಬ ಅಧ್ಯಯನವನ್ನೂ ಮಾಡಿಸಿ. ಆ ದಾರಿ ಹಿಡಿಯಲೇಬೇಕೆಂದು ನಾನು ವಾದಿಸುವುದಿಲ್ಲ, ಬಹುಶಃ ಅದು ದುಬಾರಿಯಾಗಿಯೇ ಕಾಣಬಹುದು. ಆದರೆ ಬೇರೆ ದಾರಿಯ ಲೆಕ್ಕವನ್ನೇ ಹಾಕದೆ ಕರಾರು ನವೀಕರಿಸಲು ಹೋದವರಿಗೆ ಚೌಕಾಸಿಯ ಶಕ್ತಿ ಇರುವುದಿಲ್ಲ. ಕರಡು ಕರಾರನ್ನು ಮತಕ್ಕೆ ಹಾಕುವ ಕನಿಷ್ಠ ಎರಡು ತಿಂಗಳು ಮೊದಲು ಪ್ರಕಟಿಸಿ. ಕಾಯ್ದೆಯ 72 ಗಂಟೆಗಳಲ್ಲಿ ದಪ್ಪ ಕಡತವೊಂದನ್ನು ಓದಿ, ಅರ್ಥ ಮಾಡಿಕೊಂಡು, ಅಭಿಪ್ರಾಯ ಹೇಳಲು ದುಡಿದು ತಿನ್ನುವವರಿಗೆ ಆಗದು.

ಕನ್ನಡ ಬಂಧುಗಳೇ, ಯುಗಾದಿಗೂ ರಾಜ್ಯೋತ್ಸವಕ್ಕೂ ನಾವು ಸಭಾಂಗಣಗಳನ್ನು ತುಂಬಿಸುತ್ತೇವೆ. ಕೂಪರ್ಟಿನೊ ನಗರಸಭೆಯ ಸಾಮಾನ್ಯ ಸಭೆಗಳು ತಿಂಗಳ ಮೊದಲ ಮತ್ತು ಮೂರನೆಯ ಮಂಗಳವಾರ ಸಂಜೆ, ಟಾರಿ ಅವೆನ್ಯೂದ ಗ್ರಂಥಾಲಯದ ಪಕ್ಕದ ಸಮುದಾಯ ಭವನದಲ್ಲಿ ನಡೆಯುತ್ತವೆ. ಕಾರ್ಯಸೂಚಿಯಲ್ಲಿ ಶೆರಿಫ್ ಸೇವೆಯ ವಿಷಯ ಬಂದ ದಿನ ದಯವಿಟ್ಟು ಬನ್ನಿ. ಮಾತನಾಡಲು ಕೊಡುವುದು ಕೆಲವೇ ನಿಮಿಷ. ದುಭಾಷಿಯ ಷರತ್ತಿನ ಬಗ್ಗೆ ಒಬ್ಬರು, ಗಂಟೆಗಳ ಪರಿಶೋಧನೆಯ ಬಗ್ಗೆ ಒಬ್ಬರು, ದೂರುಗಳ ಬಗ್ಗೆ ಮತ್ತೊಬ್ಬರು ಎಂದು ಹಂಚಿಕೊಂಡರೆ ಸಾಕು. ಬರಲಾಗದವರು ನಗರದ ಗುಮಾಸ್ತರ ಕಚೇರಿಗೆ ಇಮೇಲ್ ಬರೆದರೆ ಅದೂ ಸಭೆಯ ದಾಖಲೆಗೆ ಸೇರುತ್ತದೆ. ಸಾರಟೋಗ ಮತ್ತು ಲಾಸ್ ಆಲ್ಟೋಸ್ ಹಿಲ್ಸ್‌ನವರು ತಮ್ಮ ನಗರಸಭೆಗಳಲ್ಲಿ ಇದೇ ಮೂರು ಮಾತುಗಳನ್ನು ಎತ್ತಬೇಕೆಂದು ಕೋರುತ್ತೇನೆ.

ಇಂತಿ ವಿಶ್ವಾಸಪೂರ್ವಕವಾಗಿ,
ಕೂಪರ್ಟಿನೊದ ಒಬ್ಬ ಕನ್ನಡಿಗ ನಿವಾಸಿ